ಪುನರ್ಪುಳಿ: ಬಣ್ಣ ಉಳಿದರೆ ಬೆಲೆ

"ನಿಮ್ಮ ಸಿಪ್ಪೆಯಲ್ಲಿ ಬಣ್ಣವೇ ಇಲ್ಲ ಮಾರಾಯ್ರೆ!"

ಮುಖಕ್ಕೆ ಹಚ್ಚುವ ಸೀರಮ್‌ಗೆಂದು ಪುನರ್ಪುಳಿ ಸಾರ ತೆಗೆಯುವವರು ಕಳೆದ ವರ್ಷ ನನ್ನ ಎರಡು ಚೀಲ ವಾಪಸು ಮಾಡಿದರು. ಸಾರಿಗೆ ಹುಳಿ ಸಾಕು. ಇವರಿಗೆ ಬೇಕಾದ್ದು ಕೆಂಪು. ಆ ಕೆಂಪೇ ಆಂಥೋಸಯನಿನ್ ಎಂಬ ಆಂಟಿಆಕ್ಸಿಡೆಂಟ್. ಬಿಸಿ, ಬೆಳಕು ಎರಡೂ ಅದಕ್ಕಾಗದು. ನಾನೋ, ವಾರಗಟ್ಟಲೆ ಸುಡುಬಿಸಿಲಿಗೆ ಹರವಿದ್ದೆ!

ಈ ಸಲ ಪೂರ್ತಿ ಕಳಿತ ಹಣ್ಣನ್ನೇ ಆರಿಸಿದೆ. ಕೊಯ್ದ ದಿನವೇ ಸೀಳಿ, ಉಪ್ಪು ಹಾಕದೆ, ನೆರೆಮನೆಯ ಡ್ರೈಯರಿನಲ್ಲಿ ತೆಳ್ಳಗೆ ಹರವಿದೆ. ಸಣ್ಣ ಉರಿ, ಹೊಗೆ ತಾಗಬಾರದು. ಒಣಗಿದ್ದನ್ನು ಬೆಳಕು ಬೀಳದಂತೆ ಕಟ್ಟಿಟ್ಟೆ. ಚೀಲ ವಾಪಸು ಬರಲಿಲ್ಲ.

ಬೀಜ ಎಸೆಯಬೇಡಿ. ಹಿಮ್ಮಡಿ ಒಡೆದರೆ ಅಜ್ಜಿ ಹಚ್ಚುತ್ತಿದ್ದ ಅದರ ತುಪ್ಪಕ್ಕೂ ಸೌಂದರ್ಯ ಸಾಧನದವರಲ್ಲಿ ಗಿರಾಕಿ ಇದೆ. ಒಂದೇ ಮಾತು: ಕೊಳ್ಳುವವರಿಗೆ ಎಂಥದ್ದು ಬೇಕೆಂದು ಕೇಳಿಯೇ ಒಣಗಿಸಿ.