ನಿಮಗಿದು ಗೊತ್ತೇ? ಕೆಳ ಡಿವಿಜನ್‌ನ ದೊಡ್ಡ ಕ್ಲಬ್‌ಗಳು

ಚೆನ್ನೈನ ಪುರಸೈವಾಕ್ಕಂನಿಂದ ಹೊರಟು ನಾಲ್ಕೈದು ಕಿಲೋಮೀಟರ್ ಸುತ್ತಾಡಿದರೆ ಸಾಕು, ಫುಟ್‌ಬಾಲ್ ಕ್ಲಬ್ ಹೇಗೆ ದೊಡ್ಡದಾಗುತ್ತದೆ ಎಂಬ ಪ್ರಶ್ನೆಗೆ ಮೂರು ಉತ್ತರ ಸಿಗುತ್ತವೆ. ದಕ್ಷಿಣಕ್ಕೆ ಪೆರಿಯಮೇಡಿನ ನೆಹರೂ ಕ್ರೀಡಾಂಗಣ, ವಾಯವ್ಯಕ್ಕೆ ಪೆರಂಬೂರಿನ ರೈಲು ಬೋಗಿ ಕಾರ್ಖಾನೆ, ಉತ್ತರಕ್ಕೆ ವ್ಯಾಸರ್‌ಪಾಡಿಯ ಕೇರಿಗಳು. ಒಂದು ಕಡೆ ಅಂಗಳ, ಒಂದು ಕಡೆ ಸಂಬಳ, ಇನ್ನೊಂದು ಕಡೆ ಹುಡುಗರು. ಟಿವಿಯಲ್ಲಿ ಬಾರದ ಲೀಗ್‌ಗಳಲ್ಲಿ ಕಪ್‌ಗಿಂತ ಹೆಚ್ಚು ನಡೆಯುವುದು ಈ ಮೂರರ ಲೆಕ್ಕವೇ.

ಅಂಗಳ

● ನೆಹರೂ ಕ್ರೀಡಾಂಗಣ ಈಗಿನ ರೂಪದಲ್ಲಿ ತೆರೆದದ್ದು 1993ರಲ್ಲಿ. ಅದಕ್ಕೂ ಮೊದಲು ಅಲ್ಲಿದ್ದದ್ದು ಕಾರ್ಪೊರೇಷನ್ ಸ್ಟೇಡಿಯಂ. 1956ರ ಜನವರಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ವಿನೂ ಮಂಕಡ್ ಮತ್ತು ಪಂಕಜ್ ರಾಯ್ ಮೊದಲ ವಿಕೆಟ್‌ಗೆ 413 ರನ್ ಸೇರಿಸಿದ್ದು ಇಲ್ಲೇ. ಟೆಸ್ಟ್ ಕ್ರಿಕೆಟ್‌ನ ಆ ದಾಖಲೆ 2008ರವರೆಗೂ ಉಳಿದಿತ್ತು.

● ಹೊಸ ಕ್ರೀಡಾಂಗಣ ಎದ್ದ ವರ್ಷವೇ ಅಂತರರಾಷ್ಟ್ರೀಯ ಫುಟ್‌ಬಾಲ್ ಕೂಡ ಬಂತು. 1993ರ ನೆಹರೂ ಕಪ್ ಟೂರ್ನಿ ನಡೆದದ್ದು ಮದ್ರಾಸಿನಲ್ಲಿ. ಗೆದ್ದದ್ದು ಉತ್ತರ ಕೊರಿಯಾ.

● ಈ ಅಂಗಳದ ಇಂದಿನ ದೊಡ್ಡ ಬಾಡಿಗೆದಾರ ಚೆನ್ನೈಯಿನ್ ಎಫ್‌ಸಿ. 2015ರಲ್ಲಿ ಮತ್ತು 2017-18ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದ ತಂಡವಿದು. ಎರಡನೆಯ ಸಲ ಕಪ್ ಎತ್ತಿದ್ದು ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ. ಫೈನಲ್‌ನಲ್ಲಿ ಸುನಿಲ್ ಚೆಟ್ರಿ ಮೊದಲ ಗೋಲು ಹೊಡೆದರೂ ಬೆಂಗಳೂರು ಎಫ್‌ಸಿ 2-3ರಿಂದ ಸೋತಿತು.

● ಅದೇ ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿದಾಗ ಅದಕ್ಕೆ ಕಂಠೀರವ ಇರಲಿಲ್ಲ. ಅಶೋಕನಗರದ ಪುಟ್ಟ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡಿಯೇ ಮೊದಲ ವರ್ಷ ಆಗಿನ ಅಗ್ರ ಲೀಗ್ ಐ-ಲೀಗ್ ಗೆದ್ದಿತು. ಕೆಲವೇ ಸಾವಿರ ಜನ ಹಿಡಿಯುವ ಅಂಗಳ ತುಂಬಿದರೆ ಎದುರಾಳಿಯ ಕಿವಿ ತುಂಬುತ್ತದೆ. 40 ಸಾವಿರದ ಅಂಗಳದಲ್ಲಿ ಅಷ್ಟೇ ಜನ ಕೂತರೆ ಖಾಲಿ ಕುರ್ಚಿಗಳೇ ಕಾಣುತ್ತವೆ.

ಸಂಬಳ

● ಚೆನ್ನೈ ಲೀಗ್‌ನ ಹಳೆಯ ಬಲಿಷ್ಠ ತಂಡಗಳ ಹೆಸರು ಓದಿದರೆ ಸರ್ಕಾರಿ ಕಚೇರಿಗಳ ಪಟ್ಟಿಯಂತಿರುತ್ತದೆ: ಇಂಡಿಯನ್ ಬ್ಯಾಂಕ್, ಐಸಿಎಫ್ (ಪೆರಂಬೂರಿನ ಬೋಗಿ ಕಾರ್ಖಾನೆ), ಸದರ್ನ್ ರೈಲ್ವೆ, ಕಸ್ಟಮ್ಸ್. ಇಂಥ ತಂಡಕ್ಕೆ ಆಯ್ಕೆಯಾದರೆ ಸ್ಪೋರ್ಟ್ಸ್ ಕೋಟಾದಲ್ಲಿ ನೌಕರಿ. ಬೆಳಿಗ್ಗೆ ಅಭ್ಯಾಸ, ಆಮೇಲೆ ಕಚೇರಿ, ಕಾಲು ಸೋತ ಮೇಲೂ ಪಿಂಚಣಿ. ಕೇರಿಯ ಹುಡುಗನ ಮನೆಯವರಿಗೆ ಇದಕ್ಕಿಂತ ದೊಡ್ಡ ಕ್ಲಬ್ ಬೇಕಿರಲಿಲ್ಲ.

● ಪೆರಂಬೂರಿನ ಐಸಿಎಫ್ ಕಾರ್ಖಾನೆ ಶುರುವಾದದ್ದು 1955ರ ಅಕ್ಟೋಬರ್ 2ರಂದು, ಉದ್ಘಾಟಿಸಿದವರು ನೆಹರೂ. ಬೋಗಿ ಕಟ್ಟುವವರಿಗೆಂದು ವಸತಿ ಕಾಲೊನಿ ಎದ್ದಿತು, ಅದರ ಜತೆಗೆ ಮೈದಾನವೂ ಬಂತು. ಸ್ವಂತ ಮೈದಾನವಿರುವ ತಂಡ ಅಭ್ಯಾಸಕ್ಕೆ ಯಾರ ಅನುಮತಿಗೂ ಕಾಯಬೇಕಿಲ್ಲ. ಕೆಳ ಹಂತದಲ್ಲಿ ಅದು ಅರ್ಧ ಪಂದ್ಯ ಗೆದ್ದಂತೆಯೇ.

● ಬ್ಯಾಂಕ್ ತಂಡ ಎಂದು ಹಗುರವಾಗಿ ಕಾಣಬೇಡಿ. ಇಂಡಿಯನ್ ಬ್ಯಾಂಕ್ ಐ-ಲೀಗ್‌ಗೂ ಮೊದಲಿದ್ದ ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನಲ್ಲಿ ಮೋಹನ್ ಬಾಗನ್, ಈಸ್ಟ್ ಬೆಂಗಾಲ್‌ಗಳ ಎದುರು ಆಡಿದ ತಂಡ.

● ಬೆಂಗಳೂರಿನ ಕಥೆಯೂ ಇದೇ. ಟೆಲಿಫೋನ್ ತಯಾರಿಸುತ್ತಿದ್ದ ಐಟಿಐ ರಾಷ್ಟ್ರೀಯ ಲೀಗ್‌ನಲ್ಲಿ ಆಡಿತು. ವಿಮಾನ ಕಟ್ಟುವ ಎಚ್‌ಎಎಲ್ ಐ-ಲೀಗ್‌ವರೆಗೂ ಏರಿ, 2011-12ರಲ್ಲಿ ಹಿಂಬಡ್ತಿ ಪಡೆಯಿತು. ಬೇರೆ ಕ್ಲಬ್‌ಗಳು ವಿದೇಶಿ ಸ್ಟ್ರೈಕರ್‌ಗಳಿಗೆ ಹಣ ಸುರಿಯುತ್ತಿದ್ದಾಗ ಎಚ್‌ಎಎಲ್ ಭಾರತೀಯ ಆಟಗಾರರನ್ನೇ ನೆಚ್ಚಿಕೊಂಡಿತ್ತು.

● ಸಂಬಳದ ಬಲಕ್ಕೆ ಒಂದು ಅಪಾಯವೂ ಉಂಟು. 1996-97ರಲ್ಲಿ ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಪಂಜಾಬಿನ ಜೆಸಿಟಿ 2011ರಲ್ಲಿ ಬಾಗಿಲು ಹಾಕಿತು. 2005-06ರ ಚಾಂಪಿಯನ್ ಮಹೀಂದ್ರಾ ಯುನೈಟೆಡ್ 2010ರಲ್ಲೇ ಮುಚ್ಚಿತ್ತು. ಎರಡೂ ಮುಚ್ಚಿದ್ದು ಕಂಪನಿ ಸಾಕು ಎಂದದ್ದಕ್ಕೆ.

ಕೇರಿ

● ಈಸ್ಟ್ ಬೆಂಗಾಲ್‌ಗೆ ಕೋಲ್ಕತ್ತಾ ಡರ್ಬಿಯಲ್ಲಿ ಬಹುಕಾಲದ ನಂತರ ಗೆಲುವು ತಂದವನು ವ್ಯಾಸರ್‌ಪಾಡಿಯ ಹುಡುಗ. 2023ರ ಆಗಸ್ಟ್ 12ರಂದು ಡುರಾಂಡ್ ಕಪ್‌ನಲ್ಲಿ ಮೋಹನ್ ಬಾಗನ್ ವಿರುದ್ಧದ ಏಕೈಕ ಗೋಲು ನಂದಕುಮಾರ್ ಶೇಖರ್ ಅವರದು. ಬಲಗಡೆಯಿಂದ ಒಳನುಗ್ಗಿ ಎಡಗಾಲಿಗೆ ಚೆಂಡು ತಂದು ಹೊಡೆದ ಗೋಲು. ಚೆನ್ನೈಯಿನ್ ಎಫ್‌ಸಿಯ ಮಿಡ್‌ಫೀಲ್ಡರ್ ಆಗಿದ್ದ ಧನಪಾಲ್ ಗಣೇಶ್ ಕೂಡ ಅದೇ ಕೇರಿಯವರು.

● ಬೆಂಗಳೂರಿನ ಹಲಸೂರು ಪಕ್ಕದ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯಿದೆ. ಅಂಬೇಡ್ಕರ್, ಬುದ್ಧರ ಸಾಲಿನಲ್ಲಿ ಪೆಲೆಯನ್ನೂ ನಿಲ್ಲಿಸಿದ ಕೇರಿಯಿದು.

● ಮುಂಬೈಯ ರೋವರ್ಸ್ ಕಪ್ ಶುರುವಾದದ್ದು 1891ರಲ್ಲಿ. ದಶಕಗಳ ಕಾಲ ಅದು ಬ್ರಿಟಿಷ್ ಪಡೆಗಳ ಸೊತ್ತಾಗಿತ್ತು. 1937ರಲ್ಲಿ ಆ ಸಾಲನ್ನು ಮುರಿದದ್ದು ಬ್ಯಾಂಗಲೋರ್ ಮುಸ್ಲಿಮ್ಸ್. ಮರುವರ್ಷವೂ ಗೆದ್ದರು, 1948ರಲ್ಲಿ ಇನ್ನೊಮ್ಮೆ. ಕಂಪನಿಯ ಬೆಂಬಲವಿಲ್ಲದ, ದಂಡುಪ್ರದೇಶದ ಗಲ್ಲಿಗಳ ತಂಡವದು.

● ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದವರು ಮೈಸೂರಿನ ಎಸ್. ರಾಮನ್. 1948ರ ಜುಲೈ 31, ಲಂಡನ್ ಕೂಟ, ಫ್ರಾನ್ಸ್ ವಿರುದ್ಧ 1-2ರ ಸೋಲು. ಬರಿಗಾಲಲ್ಲಿ ಆಡಿದವರೇ ಹೆಚ್ಚಿದ್ದ ಆ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಕೂಡ ಇದ್ದರು. ಮುಂದೆ ಅವರು, ಬೆಂಗಳೂರಿನಿಂದಲೇ ಹೋದ ಧನರಾಜ್ ಇಬ್ಬರೂ ಈಸ್ಟ್ ಬೆಂಗಾಲ್‌ನ 'ಪಂಚಪಾಂಡವ'ರೆಂಬ ಐವರು ಫಾರ್ವರ್ಡ್‌ಗಳ ಸಾಲಿಗೆ ಸೇರಿದರು.

● ಕಾಸರಗೋಡು ಕಡೆ ಲೀಗ್‌ಗಿಂತ ಹೆಚ್ಚು ಜನ ಸೇರುವುದು ಏಳೇಳು ಜನರ 'ಸೆವೆನ್ಸ್' ಪಂದ್ಯಗಳಿಗೆ. ಅಧಿಕೃತ ಪಟ್ಟಿಯಲ್ಲಿ ಈ ತಂಡಗಳಿಗೆ ಜಾಗವಿಲ್ಲ, ಗ್ಯಾಲರಿಯಲ್ಲಿ ಮಾತ್ರ ಕಾಲಿಡಲು ಜಾಗವಿರುವುದಿಲ್ಲ. ಅದೇ ಜಿಲ್ಲೆಯ ತ್ರಿಕರಿಪುರದ ಮೊಹಮ್ಮದ್ ರಫಿ 2009-10ರ ಐ-ಲೀಗ್‌ನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು ಗೋಲು ಹೊಡೆದವರು.

● 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. ಹಿಂದಿನ ಗೆಲುವು 1968-69ರದ್ದು, ಆಗ ರಾಜ್ಯದ ಹೆಸರು ಮೈಸೂರು. 54 ವರ್ಷಗಳ ಬರ ನೀಗಿಸಿದ್ದು ಐಎಸ್‌ಎಲ್ ತಾರೆಯರಲ್ಲ, ಸ್ಥಳೀಯ ಲೀಗ್‌ನ ಹುಡುಗರು.

ಗ್ಯಾಲರಿ

● ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ 2012ರಲ್ಲಿ ದಿವಾಳಿಯಾಗಿ ನಾಲ್ಕನೆಯ ಹಂತಕ್ಕೆ ಬಿತ್ತು. ಅಲ್ಲಿ ತವರಿನ ಮೊದಲ ಲೀಗ್ ಪಂದ್ಯ ನೋಡಲು ಬಂದವರು 49,118 ಮಂದಿ. ಕ್ಲಬ್ ಬಿದ್ದಿತ್ತು, ಗ್ಯಾಲರಿ ಬಿದ್ದಿರಲಿಲ್ಲ. 2016ರಲ್ಲಿ ರೇಂಜರ್ಸ್ ಮೇಲಿನ ಹಂತಕ್ಕೆ ಮರಳಿತು.

● ಇಂಗ್ಲೆಂಡಿನ ಮೂರನೆಯ ಹಂತದಲ್ಲಿದ್ದಾಗ ಸಂಡರ್‌ಲ್ಯಾಂಡ್ 2018ರ ಡಿಸೆಂಬರ್ 26ರ ಪಂದ್ಯಕ್ಕೆ 46,039 ಜನರನ್ನು ಸೇರಿಸಿತು. ಬಂದರು, ಗಣಿಗಳ ಆ ಊರಿಗೆ ಕೆಲಸ ಹೋದರೂ ತಂಡ ಉಳಿದಿತ್ತು.

● ಅಭಿಮಾನಿಗಳೇ ಕಟ್ಟಿದ ಕ್ಲಬ್ಬೂ ಇದೆ. 2002ರಲ್ಲಿ ವಿಂಬಲ್ಡನ್ ಎಫ್‌ಸಿಯನ್ನು ಬೇರೆ ಊರಿಗೆ ಸಾಗಿಸಲು ಅನುಮತಿ ಸಿಕ್ಕಾಗ ಅಭಿಮಾನಿಗಳು ಬಯಲಿನಲ್ಲಿ ಆಯ್ಕೆ ಶಿಬಿರ ನಡೆಸಿದರು. ಬೂಟು ಹಿಡಿದು ಬಂದವರು ಇನ್ನೂರಕ್ಕೂ ಹೆಚ್ಚು. ಹೀಗೆ ಹುಟ್ಟಿದ ಎಎಫ್‌ಸಿ ವಿಂಬಲ್ಡನ್ ಒಂಬತ್ತನೆಯ ಹಂತದಿಂದ ಶುರು ಮಾಡಿ, ಒಂಬತ್ತು ವರ್ಷದಲ್ಲಿ ಐದು ಬಡ್ತಿ ಪಡೆದು, 2011ರಲ್ಲಿ ಫುಟ್‌ಬಾಲ್ ಲೀಗ್ ಸೇರಿತು. ಮೊದಲ ವರ್ಷವೇ ಅದರ ಪ್ರೇಕ್ಷಕರ ಸರಾಸರಿ ಮೂಲ ಕ್ಲಬ್‌ಗಿಂತ ಹೆಚ್ಚಿತ್ತು.

● ಕೋಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್ ಎರಡನೆಯ ಡಿವಿಜನ್‌ನಿಂದ ಬಡ್ತಿ ಪಡೆದ ಮೊದಲ ವರ್ಷವೇ, 1934ರಲ್ಲಿ, ಕಲ್ಕತ್ತಾ ಲೀಗ್ ಗೆದ್ದಿತು. ಆ ಲೀಗ್ ಗೆದ್ದ ಮೊದಲ ಭಾರತೀಯ ಕ್ಲಬ್ ಅದು. ಸತತ ಐದು ವರ್ಷ ಬಿಟ್ಟುಕೊಡಲಿಲ್ಲ.

ಹಣ, ಕಾಲ

● 2019ರ ಮಾರ್ಚ್ 9ರಂದು ಚೆನ್ನೈ ಸಿಟಿ ಎಫ್‌ಸಿ ಈಸ್ಟ್ ಬೆಂಗಾಲ್‌ಗಿಂತ ಒಂದೇ ಅಂಕ ಮುಂದೆ ನಿಂತು ಐ-ಲೀಗ್ ಚಾಂಪಿಯನ್ ಆಯಿತು. ಪೆಡ್ರೊ ಮಾಂಜಿ ಆ ಋತುವಿನಲ್ಲಿ ಹೊಡೆದದ್ದು 21 ಗೋಲು. ಸ್ವಿಟ್ಜರ್ಲೆಂಡಿನ ಎಫ್‌ಸಿ ಬಾಸೆಲ್ ಶೇ 26ರಷ್ಟು ಪಾಲು ಕೊಂಡಿತು. ಹೆಸರಿನಲ್ಲಿ ಚೆನ್ನೈ ಇದ್ದರೂ ತವರು ಪಂದ್ಯ ಸುಮಾರು 500 ಕಿಲೋಮೀಟರ್ ದೂರದ ಕೊಯಮತ್ತೂರಿನಲ್ಲಿ. 2020-21ರ ನಂತರ ತಂಡ ಐ-ಲೀಗ್‌ನಲ್ಲಿ ಆಡಲೇ ಇಲ್ಲ. ಕಪ್ ಇತ್ತು, ಹಣವೂ ಬಂತು; ಬೆನ್ನಿಗೆ ಒಂದು ಕೇರಿ ಇರಲಿಲ್ಲ.

● ಮಿಜೋರಾಮಿನ ಐಜ್ವಾಲ್ ಎಫ್‌ಸಿ 2016ರಲ್ಲಿ ಹಿಂಬಡ್ತಿ ಪಡೆಯಿತು. ಗೋವಾದ ಕ್ಲಬ್‌ಗಳು ಹಿಂದೆ ಸರಿದದ್ದರಿಂದ ಮತ್ತೆ ಅವಕಾಶ ಸಿಕ್ಕಿ, 2017ರಲ್ಲಿ ಐ-ಲೀಗ್ ಗೆದ್ದಿತು. ಆಗ ತಂಡದ ಕೋಚ್ ಆಗಿದ್ದ ಖಾಲಿದ್ ಜಮೀಲ್ 2025ರಲ್ಲಿ ಭಾರತ ತಂಡದ ಕೋಚ್ ಆದರು.

● ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು 2023-24ರಲ್ಲಿ ಐ-ಲೀಗ್ 2 ಗೆದ್ದು ಮೇಲೇರಿತು. ಅದರ ಕೆಳಗೆ ಐ-ಲೀಗ್ 3 ಶುರುವಾದದ್ದು 2023ರಲ್ಲಷ್ಟೇ. ಈಗ ಊರಿನ ಕ್ಲಬ್‌ಗೂ ಏಣಿಯಿದೆ.

● ಜಗತ್ತಿನ ಅತಿ ಹಳೆಯ ಫುಟ್‌ಬಾಲ್ ಕ್ಲಬ್ ಶೆಫೀಲ್ಡ್ ಎಫ್‌ಸಿ ಹುಟ್ಟಿದ್ದು 1857ರಲ್ಲಿ. ಅದು ಇಂದಿಗೂ ಆಡುತ್ತಿರುವುದು ಇಂಗ್ಲೆಂಡಿನ ಕೆಳ ಹಂತದಲ್ಲೇ.

ಇಷ್ಟನ್ನು ಓದಿದ ಮೇಲೆ ಒಂದು ತೀರ್ಮಾನಕ್ಕೆ ಬರಬಹುದು. ಕೆಳ ಡಿವಿಜನ್‌ನಲ್ಲಿ ಕ್ಲಬ್‌ನ ಗಾತ್ರ ಅಳೆಯಬೇಕಾದದ್ದು ಅದು ಸೋಲುತ್ತಿರುವ ವರ್ಷದಲ್ಲಿ. ಅಂಗಳ ಬಾಡಿಗೆಗೆ ಸಿಗುತ್ತದೆ, ಸಂಬಳ ಕಂಪನಿ ಕೊಡುತ್ತದೆ. ಸೋತ ಸಂಜೆಯೂ ಗ್ಯಾಲರಿಗೆ ಬರುವ ಜನರನ್ನು ಕೊಡಬಲ್ಲದ್ದು ಊರು ಮಾತ್ರ. ನಿಮ್ಮ ಜಿಲ್ಲಾ ಲೀಗ್‌ನ ಪಂದ್ಯಗಳ ವೇಳಾಪಟ್ಟಿ ಕೇಳಿ ತಿಳಿದುಕೊಳ್ಳಿ, ಮುಂದಿನ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಕೂತುಕೊಳ್ಳಿ.