ಬಿರಡೆಗೆ ಅಂಟು ಹಚ್ಚಬ್ಯಾಡ್ರಿ

ವಾಡಿಯ ನಮ್ಮನೆ ಗೋಡೆ ಮೇಲೆ ಮುತ್ಯಾನ ಏಕತಾರಿ ತೂಗುಹಾಕಿದೆ. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಭಜನೆಯಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡೋರ ಕೈಯಲ್ಲಿ ಇಂಥದ್ದೇ ಇರ್ತದೆ. ಒಂದು ತಂತಿ, ಒಟ್ಟು ಆರು ಭಾಗ. ಅದರಲ್ಲಿ ಒಂದನ್ನು ಹಾಳು ಮಾಡಿದ್ದು ನಾನೇ.

ಮೊದಲು ತಂತಿ. ಅದು ಬಹಳ ತೆಳು, ಒಂಟಿಯಾಗಿ ಹೆಚ್ಚು ಗಾಳಿಯನ್ನು ಅಲ್ಲಾಡಿಸೋಕೆ ಆಗಲ್ಲ. ಹಾಗಾಗಿ ಅದರ ಕೆಳಗೆ ಕುದುರೆ ಅನ್ನೋ ಪುಟ್ಟ ಕಟ್ಟಿಗೆ ತುಂಡು. ತಂತಿಯ ಕಂಪನವನ್ನು ಅದು ಚರ್ಮಕ್ಕೆ ದಾಟಿಸುತ್ತದೆ. ಚರ್ಮ ಅಗಲ, ಅದು ನಡುಗಿದರೆ ದನಿ ದೂರಕ್ಕೆ ಕೇಳ್ತದೆ. ಆದರೆ ಚರ್ಮ ಮುಂದಿನ ಗಾಳಿಯನ್ನು ಒತ್ತಿದಾಗ ಹಿಂದಿನ ಗಾಳಿ ಸಡಿಲಾಗುತ್ತದೆ. ಎರಡೂ ಬೆರೆತರೆ ದನಿ ಕುಂದುತ್ತದೆ. ಬೆರೆಯದಂತೆ ತಡೆಯೋದು ಬುರುಡೆ. ಇವನ್ನೆಲ್ಲ ಹಿಡಿದಿಡೋದು ಬಿದಿರಿನ ದಂಡಿ.

ಚೆಲ್ಲೊದಲ್ಲೂ ಇದೇ ಲೆಕ್ಕ. ನಾಲ್ಕು ತಂತಿ, ಚರ್ಮದ ಬದಲು ಕಟ್ಟಿಗೆಯ ಹಲಗೆ, ಮೀಟೋ ಬದಲು ಹೆಚ್ಚಾಗಿ ಕಮಾನು. ಕಮಾನು ಎಳೆದಷ್ಟು ಹೊತ್ತು ದನಿ ಇರ್ತದೆ. ಏಕತಾರಿಯ ದನಿ ಬೇಗ ಆರಿಹೋಗುತ್ತದೆ, ಅದಕ್ಕೇ ಬೆರಳು ಮೀಟುತ್ತಲೇ ಇರಬೇಕು. ಹೀಗಾಗಿ ಶ್ರುತಿಯ ಜೊತೆ ತಾಳವೂ ಸಿಗ್ತದೆ.

ಆರನೆಯದು ಬಿರಡೆ. ತಂತಿ ಸುತ್ತಿದ ಗೂಟ. ಬುಡಕ್ಕಿಂತ ತುದಿ ಸಣ್ಣ. ರಂಧ್ರದೊಳಗೆ ಒತ್ತಿ ತಿರುಗಿಸಿದರೆ ಘರ್ಷಣೆಯಿಂದಲೇ ನಿಲ್ಲುತ್ತದೆ. ನಮ್ಮದು ಸವೆದು ಜಾರುತ್ತಿತ್ತು. ಮೊದಲ ವರ್ಷದ ರಜೆಯಲ್ಲಿ, ಎಂಜಿನಿಯರ್ ಅಲ್ವಾ ನಾನು, ಗಟ್ಟಿ ಅಂಟು ಹಚ್ಚಿಬಿಟ್ಟೆ. ಜಾರೋದು ನಿಂತಿತು. ಖುಷಿಯಾಯ್ತು.

ಮಳೆ ಶುರುವಾಯ್ತು. ಚರ್ಮ ತೇವ ಹೀರಿ ಸಡಿಲಾಯ್ತು, ಕುದುರೆ ಕುಸಿಯಿತು, ತಂತಿಯ ಬಿಗಿ ಇಳಿಯಿತು. ಬಿಗಿ ಕಾಲು ಭಾಗಕ್ಕೆ ಇಳಿದರೆ ಆವರ್ತನ ಅರ್ಧ ಆಗ್ತದೆ ಅಂತ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡವನು ನಾನು. ಅಮಾವಾಸ್ಯೆ ಭಜನೆಗೆ ಬಂದ ಕಾಕಾ ಬಿರಡೆ ತಿರುಗಿಸೋಕೆ ನೋಡಿದ್ರು, ಆಗಲಿಲ್ಲ.

"ತಮ್ಮಾ, ನನ್ನ ದನಿನೇ ದಿನಾ ಒಂದೇ ಇರಂಗಿಲ್ಲ. ಇದನ್ನ ಯಾಕ ಕಟ್ಟಿ ಹಾಕಿದಿ?"

ಅವತ್ತು ಏಕತಾರಿ ಇಲ್ಲದೇ ಹಾಡಿದರು. ಅಂಟು ಬಿಡಿಸುವಾಗ ಮುತ್ಯಾ ಕೆತ್ತಿದ್ದ ಬಿರಡೆ ಮುರಿಯಿತು. ಈಗಿರೋದು ಬಡಗಿ ಮಾಡಿಕೊಟ್ಟ ಹೊಸದು. ಅದು ಜಾರಿದರೆ ಚೂರು ಸೀಮೆಸುಣ್ಣದ ಪುಡಿ ಸವರುತ್ತೇನೆ, ಅಷ್ಟೇ. ನಿಲ್ಲಬೇಕು, ತಿರುಗಲೂಬೇಕು: ಎರಡೂ ಬಿರಡೆಯ ಕೆಲಸವೇ. ನಾನು ಒಂದನ್ನಷ್ಟೇ ನೋಡಿದ್ದೆ.