ನಿಕ್ಷೇಪವೋ ಋಣವೋ: ಕ್ರಿಪ್ಟೋ ವಿನಿಮಯ ಕೇಂದ್ರದ ಪತನ ಮತ್ತು ಗ್ರಾಹಕನ ಹಕ್ಕು

ಜನರ ಹಣವನ್ನು ಇಟ್ಟುಕೊಂಡ ಸಂಸ್ಥೆಯೊಂದು ಮುರಿದುಬಿದ್ದಾಗ ಊರಿನಲ್ಲಿ ಮೊದಲು ಏಳುವ ಪ್ರಶ್ನೆ, ನುಂಗಿದವರು ಯಾರು ಎಂಬುದು. ನ್ಯಾಯಾಲಯವಾದರೋ ಅದರೊಂದಿಗೆ ಇನ್ನೊಂದನ್ನು ಕೇಳುತ್ತದೆ: ಕಳೆದ ವಸ್ತು ಯಾರದು? ಗ್ರಾಹಕನು ಅದನ್ನು ಕಾಪಾಡಲೆಂದು ಇಟ್ಟಿದ್ದನೆ, ಇಲ್ಲವೆ ಸಾಲವಾಗಿ ಕೊಟ್ಟಿದ್ದನೆ? ಕ್ರಿಪ್ಟೋ ನಾಣ್ಯಗಳ ವಿನಿಮಯ ಕೇಂದ್ರಗಳು ಕುಸಿದಾಗ ಗ್ರಾಹಕನಿಗೆ ದೊರೆಯುವ ಪರಿಹಾರವು ಬಹುಮಟ್ಟಿಗೆ ಈ ಭೇದವನ್ನೇ ಅವಲಂಬಿಸಿದೆ. ಅದನ್ನು ನಾವಿಲ್ಲಿ ವಿವೇಚಿಸುತ್ತೇವೆ.

ನಮ್ಮ ಸೀಮೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅರಕೇರಿ, ತಿಕೋಟಾ, ಬಬಲೇಶ್ವರಗಳ ಸುತ್ತಣ ಪ್ರದೇಶ ದ್ರಾಕ್ಷಿಗೆ ಹೆಸರಾದುದು. ರೈತನು ಒಣದ್ರಾಕ್ಷಿಯ ಪೆಟ್ಟಿಗೆಗಳನ್ನು ಬಾಡಿಗೆ ತೆತ್ತು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟನೆನ್ನೋಣ. ಅದರ ಮಾಲೀಕನು ದಿವಾಳಿಯಾದರೂ ಪೆಟ್ಟಿಗೆ ರೈತನದೇ. ಮಾಲೀಕನ ಸಾಲಗಾರರಿಗೆ ಅದರ ಮೇಲೆ ಹಕ್ಕಿಲ್ಲ. ಅದೇ ರೈತನು ಬ್ಯಾಂಕಿನಲ್ಲಿ ಇಟ್ಟ ಹಣವಾದರೋ ಬ್ಯಾಂಕಿನದಾಗುತ್ತದೆ. ರೈತನಿಗೆ ಉಳಿಯುವುದು ಅಷ್ಟು ಮೊತ್ತವನ್ನು ಕೇಳುವ ಹಕ್ಕು ಮಾತ್ರ. ಮೊದಲನೆಯದು ನಿಕ್ಷೇಪ, ಎರಡನೆಯದು ಋಣ.

ಈ ವಿಭಾಗ ಹೊಸತೇನೂ ಅಲ್ಲ. ಕಲ್ಯಾಣ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (ಕ್ರಿ.ಶ. 1076-1126) ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಋಣಾದಾನಕ್ಕೂ ಉಪನಿಧಿಗೂ ಪ್ರತ್ಯೇಕ ಪ್ರಕರಣಗಳಿವೆ. ಎಣಿಸಿ ಕೊಟ್ಟುದು ನಿಕ್ಷೇಪ. ಒಳಗಿರುವುದನ್ನು ತಿಳಿಸದೆ ಮುದ್ರೆಯೊತ್ತಿ ಕೊಟ್ಟುದು ಉಪನಿಧಿ. ಇಟ್ಟುಕೊಂಡವನು ಆ ವಸ್ತುವನ್ನೇ ಹಿಂತಿರುಗಿಸಬೇಕು. ರಾಜನಿಂದ, ದೈವದಿಂದ ಅಥವಾ ಕಳ್ಳರಿಂದ ಅದು ನಷ್ಟವಾದರೆ ಅವನು ಹೊಣೆಯಲ್ಲ; ಆದರೆ ಒಡೆಯನು ಕೇಳಿದಾಗ ಕೊಡದೆ ಇದ್ದು ಆಮೇಲೆ ನಷ್ಟವಾದರೆ ಅದನ್ನು ತೆರುವುದಲ್ಲದೆ ಅಷ್ಟೇ ದಂಡಕ್ಕೂ ಗುರಿಯಾಗುತ್ತಾನೆ. ಸಾಲಗಾರನಿಗೆ ಕಳವಿನ ನೆಪವಿಲ್ಲ. ಆದುದರಿಂದ ಎರಡು ಸಂಬಂಧಗಳಲ್ಲಿಯೂ ಗ್ರಾಹಕನಿಗೆ ಒಂದು ಲಾಭ, ಒಂದು ಅಪಾಯ ಇವೆಯೆಂಬುದನ್ನು ಗಮನಿಸಬೇಕು. ನಿಕ್ಷೇಪದಲ್ಲಿ ವಸ್ತು ಉಳಿಯುತ್ತದೆ, ಆದರೆ ಕಳವಿನ ನಷ್ಟ ಒಡೆಯನದಾಗಬಹುದು. ಋಣದಲ್ಲಿ ಕಳವು ಸಾಲಗಾರನ ತಲೆಗೆ, ಆದರೆ ಅವನು ದಿವಾಳಿಯಾದರೆ ಇತರರೊಡನೆ ಸಾಲಿನಲ್ಲಿ ನಿಲ್ಲಬೇಕು.

ಕ್ರಿಪ್ಟೋ ನಾಣ್ಯಕ್ಕೆ ಲೋಹದ ರೂಪವಿಲ್ಲ. ಒಂದು ಗುಪ್ತ ಸಂಖ್ಯೆಯೇ ಅದರ ಬೀಗದ ಕೈ. ಗ್ರಾಹಕನು ವಿನಿಮಯ ಕೇಂದ್ರದ ಮೂಲಕ ಕೊಂಡು ಅಲ್ಲಿಯೇ ಬಿಟ್ಟಾಗ ಆ ಕೈ ಕೇಂದ್ರದ ವಶದಲ್ಲಿರುತ್ತದೆ. ಗ್ರಾಹಕನಿಗೆ ಕಾಣುವುದು ಖಾತೆಯ ಬರಹ ಮಾತ್ರ. ಇದು ಪೆಟ್ಟಿಗೆಯ ರಸೀದಿಯೋ ಬ್ಯಾಂಕಿನ ಪುಸ್ತಕವೋ ಎಂಬ ಸಂದೇಹ ಇಲ್ಲಿಂದಲೇ ಹುಟ್ಟುತ್ತದೆ.

ಎರಡು ದೇಶಗಳ ನಿದರ್ಶನಗಳು ಇದನ್ನು ಸ್ಪಷ್ಟಪಡಿಸುತ್ತವೆ. ಎಫ್‌ಟಿಎಕ್ಸ್ ಕೇಂದ್ರವು 2022ರ ನವೆಂಬರ್ 11ರಂದು ಅಮೆರಿಕದಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಅಲ್ಲಿ ಗ್ರಾಹಕರ ಹಕ್ಕನ್ನು ಆ ದಿನದ ಡಾಲರ್ ಬೆಲೆಗೆ ಕಟ್ಟಲಾಯಿತು; ಬಿಟ್‌ಕಾಯಿನ್ ಒಂದಕ್ಕೆ 16,871 ಡಾಲರ್. ಯೋಜನೆಗೆ 2024ರ ಅಕ್ಟೋಬರಿನಲ್ಲಿ ಒಪ್ಪಿಗೆ ದೊರೆಯುವ ವೇಳೆಗೆ ಬೆಲೆ 60,000 ಡಾಲರ್ ಮೀರಿತ್ತು. ಮೊತ್ತ ಬಡ್ಡಿಸಹಿತ ಬಂದರೂ ಏರಿದ ಬೆಲೆ ಗ್ರಾಹಕನಿಗೆ ದಕ್ಕಲಿಲ್ಲ. ಇದಕ್ಕೆ ಪ್ರತಿಯಾಗಿ, ನ್ಯೂಜಿಲೆಂಡಿನ ಉಚ್ಚ ನ್ಯಾಯಾಲಯವು 2020ರಲ್ಲಿ ಕ್ರಿಪ್ಟೋಪಿಯಾ ಪ್ರಕರಣದಲ್ಲಿ, ಈ ನಾಣ್ಯಗಳು ಸ್ವತ್ತೇ ಆಗಿವೆ, ಒಂದೊಂದು ಜಾತಿಯ ನಾಣ್ಯವನ್ನೂ ಕೇಂದ್ರವು ಗ್ರಾಹಕರ ಪರವಾಗಿ ಪ್ರತ್ಯೇಕ ನ್ಯಾಸವಾಗಿ ಹಿಡಿದಿತ್ತು ಎಂದು ನಿರ್ಣಯಿಸಿತು.

ಭಾರತದಲ್ಲಿ ಈ ಪ್ರಶ್ನೆ ವಜೀರ್‌ಎಕ್ಸ್ ಕೇಂದ್ರದ ಕಳವಿನಿಂದ ಎದ್ದಿತು. 2024ರ ಜುಲೈ 18ರಂದು ಅಲ್ಲಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ನಾಣ್ಯಗಳು ಅಪಹೃತವಾದವು. ಎಲ್ಲ ಗ್ರಾಹಕರ ಖಾತೆಗಳೂ ಸ್ತಂಭಿಸಿದವು. ಅದರ ಮಾತೃಸಂಸ್ಥೆಯು ಸಿಂಗಪುರದ ನ್ಯಾಯಾಲಯದಲ್ಲಿ, ನಷ್ಟವನ್ನು ಎಲ್ಲರಿಗೂ ಪ್ರಮಾಣಾನುಸಾರ ಹಂಚುವ ಯೋಜನೆಯನ್ನು ಮಂಡಿಸಿ 2025ರ ಅಕ್ಟೋಬರಿನಲ್ಲಿ ಒಪ್ಪಿಗೆ ಪಡೆಯಿತು. ಚೆನ್ನೈನ ಗ್ರಾಹಕರೊಬ್ಬರ ವಾದ ಬೇರೆಯಾಗಿತ್ತು: ಕಳುವಾದವು ಬೇರೆ ಜಾತಿಯ ನಾಣ್ಯಗಳು, ತಮ್ಮ 3,532.30 ಎಕ್ಸ್‌ಆರ್‌ಪಿ ನಾಣ್ಯಗಳು ಅವುಗಳಲ್ಲಿ ಸೇರಿಲ್ಲ. ನೆರೆಯವನ ಪೆಟ್ಟಿಗೆ ಕಳುವಾದರೆ ನನ್ನ ಪೆಟ್ಟಿಗೆಯಿಂದ ತುಂಬಿಕೊಡಬೇಕೆ ಎಂಬುದೇ ಇದರ ತಾತ್ಪರ್ಯ. ಮದ್ರಾಸ್ ಉಚ್ಚ ನ್ಯಾಯಾಲಯವು 2025ರ ಅಕ್ಟೋಬರ್ 25ರಂದು, ಕ್ರಿಪ್ಟೋ ನಾಣ್ಯವು ನ್ಯಾಸವಾಗಿ ಹಿಡಿಯಬಹುದಾದ ಸ್ವತ್ತೆಂದು ಹೇಳಿ ಅವರಿಗೆ ಮಧ್ಯಂತರ ರಕ್ಷಣೆ ನೀಡಿತು. ಇದು ಅಂತಿಮ ತೀರ್ಪಲ್ಲ; ಆದರೂ ನಮ್ಮ ದೇಶದಲ್ಲಿ ನಿಕ್ಷೇಪದ ವಾದಕ್ಕೆ ಆಧಾರವೊಂದು ದೊರೆತಂತಾಯಿತು.

ಕರ್ನಾಟಕದಲ್ಲಿ ಠೇವಣಿದಾರರ ಹಿತರಕ್ಷಣೆಗಾಗಿ 2004ರ ಅಧಿನಿಯಮವಿದೆ. ಇದರಂತೆ ಸರ್ಕಾರವು ಸಂಸ್ಥೆಯ ಆಸ್ತಿಯನ್ನು ಜಪ್ತಿ ಮಾಡಬಹುದು. ಸಕ್ಷಮ ಪ್ರಾಧಿಕಾರಿಯ ಮೂಲಕ, ವಿಶೇಷ ನ್ಯಾಯಾಲಯದ ಆಜ್ಞೆಯ ಮೇರೆಗೆ ಅದು ಹಂಚಿಕೆಯಾಗುತ್ತದೆ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಕುಸಿದಾಗ ಇದೇ ಮಾರ್ಗವನ್ನು ಹಿಡಿಯಲಾಯಿತು. ಆ ಸಂಸ್ಥೆಯು ಹಣ ಕೊಟ್ಟವರನ್ನು ಪಾಲುದಾರರೆಂದು ಬರೆಸಿಕೊಂಡಿತ್ತು. ಪಾಲುದಾರನು ನಷ್ಟಕ್ಕೂ ಪಾಲುದಾರ, ಠೇವಣಿದಾರನಾದರೋ ಮೊತ್ತವನ್ನು ಕೇಳಬಲ್ಲವನು. ಕಾಗದದ ಮೇಲಣ ಹೆಸರು ಹಕ್ಕನ್ನು ಎಷ್ಟು ಮರೆಮಾಡಬಲ್ಲುದೆಂಬುದಕ್ಕೆ ಇದು ನಿದರ್ಶನ. ಆದರೆ ಈ ಅಧಿನಿಯಮ ಹಣದ ಠೇವಣಿಯನ್ನು ಮನಸ್ಸಿನಲ್ಲಿಟ್ಟು ರಚಿತವಾದುದು. ಗ್ರಾಹಕನದೇ ಆದ ನಾಣ್ಯವನ್ನು ಗುರುತಿಸಿ ಮರಳಿಸುವುದು ಅದರ ಮೂಲೋದ್ದೇಶವಲ್ಲ.

ಇದರಿಂದ ಹೊರಡುವ ನಿರ್ಣಯ ಇಷ್ಟು. ಗುರುತಿಲ್ಲದೆ ಒಂದೇ ರಾಶಿಗೆ ಸುರಿದ ದ್ರಾಕ್ಷಿಯಲ್ಲಿ ಪ್ರಮಾಣಾನುಸಾರದ ಹಂಚಿಕೆಯೇ ನ್ಯಾಯವಾದೀತು. ಗುರುತುಳ್ಳ ಪೆಟ್ಟಿಗೆಯ ವಿಷಯದಲ್ಲಿ ಅದು ಅನ್ಯಾಯ. ಆದುದರಿಂದ ಒಪ್ಪಂದದ ಷರತ್ತು, ಕೊಂಡ ದಿನದ ದಾಖಲೆ, ಬ್ಯಾಂಕಿನಿಂದ ಹಣ ಹೋದ ವಿವರ, ನಾಣ್ಯದ ಜಾತಿ ಮತ್ತು ಸಂಖ್ಯೆ, ಮರಳಿ ಕೇಳಿದ ದಿನಾಂಕ—ಇವು ಗ್ರಾಹಕನ ಪಾಲಿಗೆ ಪೆಟ್ಟಿಗೆಯ ಮೇಲಣ ಮುದ್ರೆಗಳು. ಕೇಳಿದ ದಿನಾಂಕಕ್ಕೆ ಎಷ್ಟು ಬೆಲೆಯಿದೆಯೆಂಬುದನ್ನು ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಸ್ಮೃತಿವಾಕ್ಯವೇ ತಿಳಿಸುತ್ತದೆ.